ನೋವು ತಲೆಯೆತ್ತುವ ಮುನ್ನ

“ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ” ಎಂದು ವೈದ್ಯರು ಕೈಚೆಲ್ಲಿದ ಮೇಲೆ ರೋಗಿಯ ಪಾಡೇನು? ಈ ಪ್ರಶ್ನೆಗೆ ತಮ್ಮ ಬಾಳನ್ನೇ ಮುಡಿಪಿಟ್ಟವರು ಲಂಡನ್ನಿನ ಸಿಸಿಲಿ ಸಾಂಡರ್ಸ್. ಮೊದಲು ದಾದಿ, ಅನಂತರ ಆಸ್ಪತ್ರೆಯ ಸಮಾಜಸೇವಕಿ. 1948ರಲ್ಲಿ ಕ್ಯಾನ್ಸರಿಗೆ ತುತ್ತಾದ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ನಿರಾಶ್ರಿತನು, ಆಕೆ ಮುಂದೆ ಕಟ್ಟಲಿರುವ ಮನೆಯ ಒಂದು ಕಿಟಕಿಗೆಂದು 500 ಪೌಂಡು ಬಿಟ್ಟುಹೋದನು. ಆ ಕಿಟಕಿಗೆ ಗೋಡೆ ದೊರೆಯಲು 19 ವರ್ಷ ಹಿಡಿಯಿತು! ನಡುವೆ, 1957ರಲ್ಲಿ, ಆಕೆ ವೈದ್ಯ ಪದವಿಯನ್ನೂ ಪಡೆದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಬಾಗಿಲು ತೆರೆಯಿತು.

ಅಲ್ಲಿಯ ಪದ್ಧತಿ ಸರಳವಾದುದು. ರೋಗಿ ನರಳಿ ಬೇಡುವತನಕ ಕಾಯದೆ, ಹೊತ್ತುಹೊತ್ತಿಗೆ ಸರಿಯಾಗಿ ಮಾರ್ಫಿನನ್ನು ಬಾಯಿಯ ಮೂಲಕ ಕೊಡುವುದು. ಮಾರ್ಫಿನ್ ಎಂದೊಡನೆ ಮನೆಮಂದಿ ಬೆಚ್ಚುವುದುಂಟು. ಚಟ ಹತ್ತೀತು, ಆಯುಸ್ಸು ಕುಗ್ಗೀತು ಎಂಬ ಅಂಜಿಕೆ. ನೋವಿಗೆ ತಕ್ಕಷ್ಟೇ ಅಳೆದು ವೈದ್ಯರು ಕೊಡುವಾಗ ಈ ಅಂಜಿಕೆಗೆ ಆಧಾರ ತೀರ ಕಡಿಮೆ. ಮಲಬದ್ಧತೆಯೇನೋ ಕಾಡುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧ ಬೇಕು.

ಭಾರತದಲ್ಲಿ 1985ರ ಮಾದಕವಸ್ತು ಕಾಯಿದೆಯಿಂದ ಆಸ್ಪತ್ರೆಗಳಿಗೂ ಮಾರ್ಫಿನ್ ದುರ್ಲಭವಾಯಿತು. 2014ರ ತಿದ್ದುಪಡಿ ಆ ಗಂಟನ್ನು ಕೊಂಚ ಸಡಿಲಿಸಿತು. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಸಂಸ್ಥೆಯೊಂದರ ‘ಕರುಣಾಶ್ರಯ’ವು ಗುಣವಾಗದ ಹಂತ ತಲಪಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ.

ಉಪಶಮನ ಆರೈಕೆಗೆ ಕೊನೆಯ ವಾರದವರೆಗೆ ಕಾಯಬೇಕಾಗಿಲ್ಲ. ರೋಗದ ಚಿಕಿತ್ಸೆಯ ಜೊತೆಯಲ್ಲೇ ತೊಡಗಬಹುದು. ಉಬ್ಬಸ, ವಾಕರಿಕೆ, ನಿದ್ರೆಗೇಡು, ಮಗಳ ಮದುವೆಯ ಚಿಂತೆ ಎಲ್ಲವೂ ಅದರ ವ್ಯಾಪ್ತಿಗೆ ಸೇರಿದವು. ಹಗಲಿರುಳು ಹಾಸಿಗೆಯ ಬಳಿ ಕುಳಿತು ಸೊರಗಿದ ಸೊಸೆಯ ಆಯಾಸವೂ ಅಷ್ಟೆ.