ರುಜುವಿಗೆ ಮುನ್ನ

ನಿವೃತ್ತಿಯ ಹಣವು ಕೈಸೇರಿದಾಗ ಮನೆಮನೆಗಳಲ್ಲಿ ಹುಟ್ಟುವ ಆಲೋಚನೆಗಳಲ್ಲಿ ಅಂಗಡಿಯ ಆಲೋಚನೆಯೂ ಒಂದು. ಈಗೀಗ ಆ ಅಂಗಡಿಗೆ ಸ್ವಂತ ಹೆಸರು ಬೇಡವಾಗಿದೆ. ಹೆಸರುವಾಸಿಯಾದ ಉಪಾಹಾರಗೃಹದ್ದೋ ಶಿಶುವಿಹಾರದ್ದೋ ಔಷಧಿ ಮಳಿಗೆಯದ್ದೋ ಹೆಸರನ್ನೂ ನಡೆಯಿಸುವ ಕ್ರಮವನ್ನೂ ಹಣ ಕೊಟ್ಟು ಪಡೆಯಬಹುದು. ಇದಕ್ಕೆ ಫ್ರಾಂಚೈಸಿ ಎಂದು ಹೆಸರು. ಏರ್ಪಾಡು ಕೆಟ್ಟುದಲ್ಲ, ಅದರಿಂದ ಏಳಿಗೆ ಹೊಂದಿದ ಕುಟುಂಬಗಳುಂಟು. ಆದರೆ ಅದೆಲ್ಲ ನಿಂತಿರುವುದು ಕರಾರುಪತ್ರವೊಂದರ ಮೇಲೆ. ಆ ಪತ್ರವನ್ನು ಬರೆದವರು ಹೆಸರಿನ ಒಡೆಯರ ವಕೀಲರು. ನಮ್ಮ ಪಕ್ಷದವರೊಬ್ಬರು ಅದನ್ನು ಓದದೆ ರುಜು ಹಾಕುವುದೆಂತು?

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇದಕ್ಕೆಂದೇ 1979ರಿಂದ ನಿಯಮವೊಂದು ಜಾರಿಯಲ್ಲಿದೆ. ಹೆಸರಿನ ಒಡೆಯರು ತಮ್ಮ ವ್ಯಾಜ್ಯಗಳು, ಶುಲ್ಕಗಳು, ಮುಚ್ಚಿಹೋದ ಅಂಗಡಿಗಳ ಎಣಿಕೆ ಮೊದಲಾದುವನ್ನು ಬರೆಹದಲ್ಲಿ, ಈಗಿನ ನಿಯಮದಂತೆ ರುಜುವಿಗೆ 14 ದಿನಗಳಾದರೂ ಮುಂಚೆ, ಕೊಡತಕ್ಕದ್ದು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದು ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಅಧಿನಿಯಮವೇ ಮುಖ್ಯ ಆಧಾರ. ಅಲ್ಲಿ ಕಾನೂನು ಕೊಡಿಸುವ ಎರಡು ವಾರಗಳನ್ನು ಇಲ್ಲಿ ನಾವೇ ಕೇಳಿ ಪಡೆಯಬೇಕು. ನಾಳೆಯೊಳಗೆ ಮುಂಗಡ ಬಾರದಿದ್ದರೆ ಈ ಬಡಾವಣೆ ಬೇರೆಯವರ ಪಾಲಾದೀತೆಂದು ಅವಸರಪಡಿಸುವವರು ಇದ್ದೇ ಇರುತ್ತಾರೆ.

ಮೊದಲು ಕಾಣತಕ್ಕವರು ಲೆಕ್ಕಪರಿಶೋಧಕರು. ರಾಯಲ್ಟಿಯೆಂಬುದು ಸಾಮಾನ್ಯವಾಗಿ ಲಾಭದ ಮೇಲಲ್ಲ, ಮಾರಾಟದ ಮೇಲೆ. ತಿಂಗಳಿಗೆ 5 ಲಕ್ಷ ರೂಪಾಯಿ ವ್ಯಾಪಾರವುಳ್ಳ ಉಪಾಹಾರಗೃಹವೊಂದನ್ನು ಊಹಿಸಿಕೊಳ್ಳೋಣ. ರಾಯಲ್ಟಿ ನೂರಕ್ಕೆ 6, ಜಾಹೀರಾತಿನ ವಂತಿಗೆ ನೂರಕ್ಕೆ 2 ಎಂದಾದರೆ 40,000 ರೂಪಾಯಿ. ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 7,200. ಗಿರಾಕಿಗಳಿಂದ ನೂರಕ್ಕೆ 5ರ ತೆರಿಗೆಯನ್ನು ಪಡೆಯುವ ಉಪಾಹಾರಗೃಹಕ್ಕೆ ಈ 7,200 ವಜಾ ಸಿಕ್ಕುವುದಿಲ್ಲ. ಬಾಡಿಗೆ, ಸಂಬಳ, ದಿನಸಿಗಳಲ್ಲದೆ ಹೀಗೆ 47,200 ರೂಪಾಯಿ ಹೋಗುವುದು. ನಷ್ಟದ ತಿಂಗಳಿನಲ್ಲಿಯೂ ಹೋಗುವುದು. ಒಂದೂವರೆ ವರ್ಷದಲ್ಲಿ ಬಂಡವಾಳ ಮರಳುವುದೆಂಬ ಭರವಸೆಯನ್ನು ಈ ತಕ್ಕಡಿಯಲ್ಲಿಟ್ಟು ತೂಗಬೇಕು.

ಆ ಭರವಸೆಯು ಪತ್ರದಲ್ಲಿಲ್ಲದಿದ್ದರೆ ಬರಿಯ ಮಾತಾಗಿಯೇ ಉಳಿಯುವುದು. ಬರೆಹದ ಕರಾರನ್ನು ಬಾಯಿಮಾತಿನಿಂದ ತಿದ್ದಲಾಗದೆಂಬುದು ಹಳೆಯ ಸಾಕ್ಷ್ಯ ಕಾನೂನಿನ ನಿಯಮ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ನಿಂತಿದೆ. ವಂಚನೆಯನ್ನು ರುಜುವಾತುಪಡಿಸಿದರೆ ಸಂಗತಿ ಬೇರೆ, ಅದು ಸುಲಭಸಾಧ್ಯವಲ್ಲ.

ಆದುದರಿಂದ ವಕೀಲರು ಬೇಕು. ಕಂಪೆನಿಯವರೇ ತೋರಿಸಿಕೊಟ್ಟ ವಕೀಲರು ನಮ್ಮವರಲ್ಲವೆಂದು ಬೇರೆ ಹೇಳಬೇಕೆ? ವ್ಯಾಪಾರಮುದ್ರೆಯು ನೋಂದಣಿಯಾಗಿದೆಯೆ, ಯಾರ ಹೆಸರಿನಲ್ಲಿದೆ, ತಕರಾರು ಬಂದರೆ ಪಂಚಾಯಿತಿ ನಡೆಯುವುದು ನಮ್ಮೂರಿನಲ್ಲೋ ದೆಹಲಿಯಲ್ಲೋ ಎಂಬುದನ್ನು ಅವರು ನೋಡುವರು. ಕಟ್ಟಡದ ಗುತ್ತಿಗೆ 9 ವರ್ಷ, ಹೆಸರಿನ ಕರಾರು 5 ವರ್ಷವಾದರೆ ಉಳಿದ 4 ವರ್ಷ ಬಾಗಿಲ ಮೇಲೆ ಯಾವ ಹಲಗೆ ತೂಗಹಾಕುವುದು? ಕರಾರು ಮುಗಿದ ಬಳಿಕವೂ ಅದೇ ವ್ಯಾಪಾರ ಮಾಡಕೂಡದೆಂಬ ಷರತ್ತು, 1872ರ ಅಧಿನಿಯಮದ 27ನೆಯ ಪ್ರಕರಣದಂತೆ ಸಾಮಾನ್ಯವಾಗಿ ಊರ್ಜಿತವಲ್ಲ. ಕರಾರು ನಡೆಯುತ್ತಿರುವ ಕಾಲದ ನಿರ್ಬಂಧವಾದರೋ ಸಾಮಾನ್ಯವಾಗಿ ಊರ್ಜಿತವೆಂದು ಗುಜರಾತ್ ಬಾಟ್ಲಿಂಗ್ ಕಂಪೆನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿದೆ. ಇಂತಹ ಸೂಕ್ಷ್ಮಗಳು ನಮ್ಮ ನಿಮ್ಮ ಓದಿಗೆ ನಿಲುಕುವುವಲ್ಲ.

ಇನ್ನು ಗೃಹಿಣಿಯರಿಗೆ ಒಂದು ಮಾತು. ಎಲ್ಲ ಮುಗಿಯುವ ಹೊತ್ತಿಗೆ, “ಇಲ್ಲೊಂದು ರುಜು ಹಾಕಿಬಿಡಿ ಅಮ್ಮ, ಬರಿಯ ಪದ್ಧತಿ” ಎಂದು ಕಾಗದವೊಂದು ಮುಂದೆ ಬರುವುದುಂಟು. ಅನೇಕ ವೇಳೆ ಅದು ಜಾಮೀನುಪತ್ರ. ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ ಜಾಮೀನುದಾರರ ಹೊಣೆಯು ಸಾಲಗಾರನ ಹೊಣೆಯಷ್ಟೇ ಎಂದು ಅದೇ ಅಧಿನಿಯಮದ 128ನೆಯ ಪ್ರಕರಣ ಹೇಳುತ್ತದೆ. ಗಂಡನ ಅಂಗಡಿಯ ಬಾಕಿಗೆ ಹೆಂಡತಿಯ ತವರಿನ ನಿವೇಶನವೂ ಜಪ್ತಿಗೆ ಒಳಗಾಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ, ಆದಾಯವೆಷ್ಟೇ ಇರಲಿ, ಸ್ತ್ರೀಯರು ಉಚಿತ ಕಾನೂನು ಸೇವೆಗೆ ಅರ್ಹರು. ಸಲಹೆಯೂ ಅದರಲ್ಲಿ ಸೇರಿದೆ. ಆ ಕಾಗದದ ಪ್ರತಿಯೊಂದನ್ನು ಕೇಳಿ ಪಡೆದು, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಕೊಂಡೊಯ್ದು ತೋರಿಸಬಹುದು.