ಮೊಲದ ಬಲೆಗೆ ಯಾವ ಹುರಿ? ಅಂಗಡಿಗೆ ಹೋಗುವ ಮೊದಲು ಓದಿ

ಹೆಸರು, ಅಲಸಂದೆ, ಶೇಂಗಾ ಎಳೆಯದಾಗಿರುವಾಗ ರಾತ್ರೋರಾತ್ರಿ ಸಾಲುಗಟ್ಟಲೆ ಸಸಿ ಮಾಯವಾದರೆ, ಉಳಿದ ಮೋಟು ಕಡ್ಡಿಯ ತುದಿ ನೋಡಿ. ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗೆ ನುಣ್ಣಗಿದ್ದು, ಹತ್ತಿರದಲ್ಲೇ ದುಂಡಗಿನ ಒಣ ಹಿಕ್ಕೆ ಬಿದ್ದಿದ್ದರೆ ಅದು ಮೊಲದ ಕೆಲಸ. ಆಮೇಲೆ ಬರುವ ಪ್ರಶ್ನೆ ನನಗೆ ಬಾಯಿಪಾಠ: "ಬಲೆ ನಾವೇ ಹೆಣೀತೀವಿ, ಯಾವ ದಾರ ತರೋಣ?"

ನಾನು ತಿರುಗಿ ಕೇಳುವುದು ಒಂದೇ. ಹಿಡಿಯೋಕಾ, ತಡೆಯೋಕಾ?

ಹಿಡಿಯೋಕೆ ಅಂದ್ರೆ ಮಾತು ಅಲ್ಲಿಗೇ ಮುಗೀತು. ನಮ್ಮ ಹೊಲಗಳಲ್ಲಿ ಓಡಾಡುವ ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ಬಲೆಗೆ ಬೀಳಿಸುವುದು, ಅದಕ್ಕೆ ಪ್ರಯತ್ನಿಸುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. "ನನ್ನ ಹೊಲ, ನನ್ನ ಬೆಳೆ" ಅನ್ನೋ ವಾದ ಅಲ್ಲಿ ನಡೆಯೋದಿಲ್ಲ. ತಡೆಯೋಕೆ ಅನ್ನುವವರಿಗೆ ಮಾತ್ರ ಈ ಬರಹ. ಆದರೆ ತಡೆಯುವ ಬಲೆಗೂ ಹಿಡಿಯುವ ಬಲೆಗೂ ನಡುವೆ ಇರುವುದು ಹುರಿಯ ವ್ಯತ್ಯಾಸವೇ. ತಪ್ಪು ಹುರಿ ತಂದರೆ ನೀವು ಬೇಲಿ ಅಂದುಕೊಂಡು ಕಟ್ಟಿದ್ದು ಉರುಳಾಗಿಬಿಡುತ್ತದೆ.

ಹೇಗೆ ಅಂತ ನೋಡಿ. ಹಿಡಿಯುವ ಬಲೆ ತೆಳು, ಮೆತ್ತಗೆ, ಸಡಿಲ. ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ, ಹಿಂದೆ ಬರುವ ನಾಯಿ ಕಾಣುತ್ತದೆ, ಮೂಗಿನ ಮುಂದಿರುವ ಸಣ್ಣ ದಾರ ಕಾಣುವುದಿಲ್ಲ. ಓಡಿ ಬಂದು ತಲೆ ತೂರಿಸುತ್ತದೆ, ದಾರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ತಡೆಯುವ ಬಲೆ ಇದಕ್ಕೆ ಪೂರ್ತಿ ಉಲ್ಟಾ ಇರಬೇಕು: ಹುರಿ ದಪ್ಪ, ಬಿರುಸು, ಬಲೆ ಬಿಗಿ, ಕಣ್ಣು ತಲೆ ಹಿಡಿಸದಷ್ಟು ಚಿಕ್ಕದು.

ಹಾಗಾಗಿ ಮೀನಿನ ಬಲೆಯ ಅಂಗಡಿಯವನು "ಇದೇ ಬೆಸ್ಟ್ ಸರ್" ಅಂತ ಕೊಡುವ ನೈಲಾನ್ ನಮಗೆ ಬೆಸ್ಟ್ ಅಲ್ಲ. ನೈಲಾನ್ ಗಟ್ಟಿ, ನಿಜ. ಆದರೆ ಅದು ನೀರು ಹೀರಿಕೊಂಡು ಹಿಗ್ಗುತ್ತದೆ. ಮಧ್ಯಾಹ್ನ ಬಿಗಿಯಾಗಿ ಎಳೆದು ಕಟ್ಟಿದ್ದು ರಾತ್ರಿ ಮಳೆಗೆ ಜೋತು ಬೀಳುತ್ತದೆ, ಮೊಲ ಬರುವುದೂ ರಾತ್ರಿಯೇ. ಗಾಳಕ್ಕೆ ಹಾಕುವ ತಂಗೂಸಿ ದಾರ, ಅಂದ್ರೆ ಒಂದೇ ಎಳೆಯ ನೈಲಾನ್, ಬೇಡವೇ ಬೇಡ. ಅದರಲ್ಲಿ ಮೊಲಕ್ಕಿಂತ ಹೆಚ್ಚು ಸಿಕ್ಕಿಕೊಳ್ಳುವುದು ಕೇರೆ ಹಾವು. ಹುರುಪೆಯ ಕೆಳಗೆ ದಾರ ಇಳಿದರೆ ಹಾವು ಮುಂದೆಯೂ ಹೋಗಲಾರದು, ಹಿಂದೆಯೂ ಬರಲಾರದು, ಬಿಸಿಲೇರಿದ ಮೇಲೆ ಅಲ್ಲೇ ಸಾಯುತ್ತದೆ. ಪುಕ್ಕಟೆ ಇಲಿ ಹಿಡಿಯುವವನನ್ನು ದುಡ್ಡು ಕೊಟ್ಟು ಕೊಂದ ಹಾಗೆ.

ಲೇಬಲ್ ಓದುವುದನ್ನು ಒಮ್ಮೆ ಕಲಿತುಬಿಡಿ. 210/4/3 ಅಂತಿದ್ದರೆ 210 ಡೆನಿಯರ್‌ನ 4 ಎಳೆ ಸೇರಿಸಿ ಒಂದು ಪುರಿ, ಅಂಥ 3 ಪುರಿ ಸೇರಿಸಿ ಹೊಸೆದ ಹುರಿ ಅಂತ ಅರ್ಥ. ಒಟ್ಟು 12 ಎಳೆ, 2,520 ಡೆನಿಯರ್. ಡೆನಿಯರ್ ಅಂದರೆ 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಹಾಗಾಗಿ ಈ ಹುರಿ ಕೆಜಿಗೆ ಸುಮಾರು 3,500 ಮೀಟರ್ ಬರುತ್ತದೆ, ಹೊಸೆಯುವಾಗ ಕುಗ್ಗುವುದರಿಂದ ಅದಕ್ಕಿಂತ ಸ್ವಲ್ಪ ಕಡಿಮೆ. ಉದ್ದ ನೋಡಿ ಆಸೆಯಾಗುತ್ತದೆ, ಆದರೆ ಅದು 1 ಮಿ.ಮೀ. ದಪ್ಪವೂ ಇಲ್ಲ. ನಮಗೆ ಬೇಕಾದ್ದು 2 ಮಿ.ಮೀ.

ಮುಂಗಾರಿಗೆ ನಾನು ಹೇಳುವುದು 2 ಮಿ.ಮೀ.ನ ಎಚ್‌ಡಿಪಿಇ ಹುರಿ. ನೀರು ಹೀರುವುದಿಲ್ಲ, ಬಿರುಸಾಗಿರುತ್ತದೆ. ಬಿಸಿಲು ತಡೆಯುವ ಯುವಿ ಸ್ಟೆಬಿಲೈಸರ್ ಹಾಕಿದ್ದಾ ಅಂತ ಕೇಳಿ ತನ್ನಿ. ಬಿಸಿಲಿಗೆ ಹೆಚ್ಚು ಬಾಳುವುದು ಕಪ್ಪು, ಅದರಲ್ಲಿರುವ ಕಾರ್ಬನ್ನೇ ರಕ್ಷಣೆ. ಆದರೆ ಕತ್ತಲಲ್ಲಿ ಕಾಣದು, ಅಲ್ಲಲ್ಲಿ ಬಿಳಿ ಬಟ್ಟೆಯ ಚೂರು ಕಟ್ಟಬೇಕು. ಅಗ್ಗಕ್ಕೆ ಸಿಗುವ ಸಾದಾ ಪಿಪಿ ಹುರಿ ನಮ್ಮ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಆ ಪುಡಿ ಹೋಗುವುದು ನಿಮ್ಮ ಮಣ್ಣಿಗೇ. ಅನುಮಾನ ಬಂದರೆ ಒಂದು ತುಂಡನ್ನು ಬಕೆಟ್ ನೀರಿನಲ್ಲಿ ಹಿಂಡಿ, ಗಾಳಿ ತೆಗೆದು ಬಿಡಿ. ನೈಲಾನ್ ಮುಳುಗುತ್ತದೆ, ಎಚ್‌ಡಿಪಿಇ ತೇಲುತ್ತದೆ. ಪಿಪಿಯೂ ತೇಲುತ್ತದೆ ಅನ್ನೋದು ನೆನಪಿರಲಿ.

ಹಿಂಗಾರಿ ಕಡಲೆಗೆ ಮಾತ್ರ ಪ್ಲಾಸ್ಟಿಕ್ ಯಾಕೆ ಬೇಕು ಅಂತ ನನಗೆ ಅನ್ನಿಸುತ್ತದೆ. ಮಳೆ ಮುಗಿದಿರುತ್ತದೆ, ಬೀಳುವುದು ಇಬ್ಬನಿ ಅಷ್ಟೆ. ಹಸಿರೆಲೆ ಗೊಬ್ಬರಕ್ಕೆ ಹಾಕುವ ಅಪ್‌ಸೆಣಬನ್ನು ಹೂ ಬರುವಾಗ ಎಲ್ಲವನ್ನೂ ಮಣ್ಣಿಗೆ ಸೇರಿಸಬೇಡಿ, ಬದುವಿನ ಪಕ್ಕ ಎರಡು ಸಾಲು ಬಿಡಿ. ಕೊಯ್ದು ನೀರಿನಲ್ಲಿ ಕೊಳೆಸಿ ನಾರು ಬಿಡಿಸಿದರೆ ಗಟ್ಟಿ ಹುರಿಯಾಗುತ್ತದೆ, ಹಿಂದೆ ಮೀನಿನ ಬಲೆಗೂ ಇದನ್ನೇ ಬಳಸುತ್ತಿದ್ದರು. ಉತ್ತರ ಕರ್ನಾಟಕದವರಿಗೆ ಪುಂಡಿ ನಾರು ಗೊತ್ತೇ ಇದೆ. ಹೊಸೆಯಲು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಮೊದಲು ಅವರ ಹತ್ತಿರ ಕೂತು ಕಲಿಯಿರಿ, ಯೂಟ್ಯೂಬ್ ಆಮೇಲೆ. ನೆಲಕ್ಕೆ ತಾಗಿದ ಕಡೆ ಈ ಹುರಿ ಬೇಗ ಕೊಳೆಯುತ್ತದೆ. ನೈಲಾನ್ ಬರುವ ಮೊದಲು ಮೀನುಗಾರರು ಹತ್ತಿ, ಸೆಣಬಿನ ಬಲೆಗಳನ್ನು ಮರದ ತೊಗಟೆಯ ಒಗರು ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದುದು ಇದಕ್ಕೇ. ಹಾಗೆ ಮಾಡಿದರೂ ಒಂದು ಹಂಗಾಮಿಗೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮುಗಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಿದರಾಯಿತು.

ಈಗ ಯಾರೂ ಹೇಳದ ಲೆಕ್ಕ. ಕೈಯಲ್ಲಿ ಬಲೆ ಹೆಣೆಯುವುದು ಎಷ್ಟು ಕೆಲಸ? ಗಂಟಿನಿಂದ ಗಂಟಿಗೆ 3 ಸೆಂ.ಮೀ. ಇಟ್ಟರೆ ಒಂದು ಚದರ ಮೀಟರಿಗೆ ಸುಮಾರು 1,100 ಗಂಟು. ಎಕರೆಗಟ್ಟಲೆ ಹೊಲಕ್ಕೆ ಇದು ಆಗುವ ಮಾತಲ್ಲ, ರೆಡಿಮೇಡ್ ತನ್ನಿ. ಆದರೆ 10 ಮೀಟರ್ ಉದ್ದ, 10 ಮೀಟರ್ ಅಗಲದ ತರಕಾರಿ ಮಡಿ ಅಥವಾ ಸಸಿಮಡಿಯ ಸುತ್ತ, ಅಂದ್ರೆ 40 ಮೀಟರಿಗೆ, ಕೈಬಲೆ ಸರಿ. ಕೆಳಗಿನ 45 ಸೆಂ.ಮೀ.ಗೆ 3 ಸೆಂ.ಮೀ. ಕಣ್ಣು, ಅದರ ಮೇಲಿನ 45 ಸೆಂ.ಮೀ.ಗೆ 6 ಸೆಂ.ಮೀ. ಕಣ್ಣು ಸಾಕು. ಕೆಳಗೆ 20,000 ಗಂಟು, ಮೇಲೆ 5,000. 2 ಮಿ.ಮೀ. ಹುರಿಯಲ್ಲಿ ಪ್ರತಿ ಗಂಟಿಗೆ ಹತ್ತಿರ ಹತ್ತಿರ 3 ಸೆಂ.ಮೀ. ಹೋಗುತ್ತದೆ ಅಂತ ಹಿಡಿದರೆ ಒಟ್ಟು 2,500 ಮೀಟರ್ ಮೇಲೆ ಬೇಕು. ಎಷ್ಟು ಕೆಜಿ ಅಂತ ಅಂಗಡಿಯವನನ್ನು ಕೇಳಬೇಡಿ, 10 ಮೀಟರ್ ಅಳೆದು ತಕ್ಕಡಿಗೆ ಹಾಕಿಸಿ. ಕೈ ಪಳಗಿದ ಮೇಲೆ ನಿಮಿಷಕ್ಕೆ 8 ಗಂಟು ಬಿದ್ದರೂ 50 ಗಂಟೆಯ ಕೆಲಸ. ಸಂಜೆ ಎರಡೆರಡು ಗಂಟೆ ಕೂತರೆ ಒಂದು ತಿಂಗಳು.

ಎಚ್‌ಡಿಪಿಇ ಜಾರುತ್ತದೆ. ಬಲೆಯ ಮಾಮೂಲಿ ಗಂಟು ಒಂದೇ ಸುತ್ತಿನದು, ಇದಕ್ಕೆ ಎರಡು ಸುತ್ತು ಹಾಕಿ ಬಿಗಿಯಿರಿ. ನಾರಿನ ಹುರಿಗೆ ಒಂದೇ ಸುತ್ತು ಸಾಕು.

ಕಟ್ಟುವಾಗ 2 ಮೀಟರಿಗೊಂದು ಗೂಟ, ಮೇಲೆ ಕೆಳಗೆ ದಪ್ಪ ಹಗ್ಗ. ನಮ್ಮ ಮೊಲ ಬಿಲ ತೋಡುವ ಜಾತಿಯಲ್ಲ, ಪೊದೆಯ ಬುಡದಲ್ಲಿ ಮಲಗುವಂಥದ್ದು. ಆದ್ದರಿಂದ ಬಲೆಯನ್ನು ಮಣ್ಣಿನಲ್ಲಿ ಹೂಳುವ ಕಷ್ಟ ಬೇಡ. ಅದು ನುಸುಳುವುದು ಅಡಿಯಿಂದ. ಕೆಳಗಿನ 15 ಸೆಂ.ಮೀ. ಹೊರಗಡೆಗೆ ನೆಲದ ಮೇಲೆ ಮಡಚಿ ಕಲ್ಲು ಹೇರಿ. ನಿಲ್ಲುವ ಎತ್ತರ 75 ಸೆಂ.ಮೀ. ಉಳಿಯುತ್ತದೆ.

ಬೆಳಿಗ್ಗೆ ಒಂದು ಸುತ್ತು ಹಾಕುವುದನ್ನು ತಪ್ಪಿಸಬೇಡಿ. ಜೋತಿದ್ದರೆ ಎಳೆದು ಕಟ್ಟಿ, ಹಲ್ಲು ತಾಗಿದ ಕಣ್ಣನ್ನು ಅವತ್ತೇ ಹೆಣೆಯಿರಿ. ದಪ್ಪ ಹುರಿಯಲ್ಲಿ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಏನಾದರೂ ಸಿಕ್ಕಿಕೊಂಡಿದ್ದರೆ ಎಳೆಯಬೇಡಿ, ಬಲೆಯನ್ನೇ ಕತ್ತರಿಸಿ. ಹಾವಾದರೆ ಯಾವುದು ಅಂತ ಹತ್ತಿರ ಹೋಗಿ ನೋಡುವುದು ಬೇಡ, ಅರಣ್ಯ ಇಲಾಖೆಗೋ ಹಾವು ಹಿಡಿಯುವವರಿಗೋ ಫೋನ್ ಮಾಡಿ, ಅವರು ಬರುವ ತನಕ ಮೇಲೊಂದು ಗೋಣಿಚೀಲದ ನೆರಳು ಕಟ್ಟಿ. ನಾನು ಒಂದು ಹಳೇ ಕತ್ತರಿಯನ್ನು ಮೂಲೆಯ ಗೂಟಕ್ಕೇ ನೇತುಹಾಕಿದ್ದೇನೆ.