ಇಂಗಾಲದ ನ್ಯಾನೊಕೊಳವೆಗಳ ಮೇಲ್ಮೈ ಸಂಸ್ಕರಣೆ

ಇಂಗಾಲದ ನ್ಯಾನೊಕೊಳವೆಗಳು ಪ್ಲಾಸ್ಟಿಕ್, ಎಪಾಕ್ಸಿ, ರಬ್ಬರ್ ಮುಂತಾದ ಪಾಲಿಮರ್‌ಗಳಲ್ಲಿ ಗಂಟುಕಟ್ಟದೆ ಹರಡಿಕೊಳ್ಳುವಂತೆ ಅವುಗಳ ಹೊರಮೈಯನ್ನು ಮಾರ್ಪಡಿಸುವ ಕ್ರಿಯೆಗೆ ಮೇಲ್ಮೈ ಸಂಸ್ಕರಣೆ ಎನ್ನುತ್ತಾರೆ. ವಿದ್ಯುತ್ತನ್ನು ಹರಿಯಗೊಡದ ಪಾಲಿಮರ್‌ಗೆ ಈ ಕೊಳವೆಗಳನ್ನು ಬೆರೆಸಿ ವಾಹಕ ಸಮ್ಮಿಶ್ರ ವಸ್ತುವನ್ನು ತಯಾರಿಸುವಾಗ ಇದು ನಿರ್ಣಾಯಕ ಹಂತ. ಸ್ಥಾಯೀ ವಿದ್ಯುತ್ತನ್ನು ನಿವಾರಿಸುವ ಪೆಟ್ಟಿಗೆಗಳಿಗೂ ವಿದ್ಯುತ್ಕಾಂತೀಯ ಅಲೆಗಳನ್ನು ತಡೆಯುವ ಹೊದಿಕೆಗಳಿಗೂ ಇಂತಹ ವಸ್ತುಗಳು ಬೇಕಾಗುತ್ತವೆ.

ಸಂಸ್ಕರಣೆಯ ಅಗತ್ಯ

ಜಪಾನಿನ ಸುಮಿಯೋ ಇಜಿಮಾ ಅವರು 1991ರಲ್ಲಿ ಪ್ರಕಟಿಸಿದ ಲೇಖನದಿಂದ ನ್ಯಾನೊಕೊಳವೆಗಳು ವಿಜ್ಞಾನಿಗಳ ಗಮನ ಸೆಳೆದವು. ಒಂಟಿ ಗೋಡೆಯ ಕೊಳವೆಯ ವ್ಯಾಸ ಸುಮಾರು 1ರಿಂದ 2 ನ್ಯಾನೊಮೀಟರ್. ಉದ್ದ ಅದರ ಸಾವಿರ ಪಟ್ಟಿಗೂ ಮಿಕ್ಕಿರಬಹುದು. ಕೊಳವೆಗಳು ಒಂದಕ್ಕೊಂದು ತಾಗುವಷ್ಟು ಸಮೀಪಿಸಿ ಪಾಲಿಮರ್‌ನ ಉದ್ದಗಲಕ್ಕೂ ಜಾಲ ಹೆಣೆದಾಗ ವಾಹಕತೆ ಥಟ್ಟನೆ ಅನೇಕ ಪಟ್ಟು ಏರುತ್ತದೆ. ಈ ಘಟ್ಟಕ್ಕೆ ಪರ್ಕೋಲೇಷನ್ ಮಿತಿ ಎಂದು ಹೆಸರು. ಕೊಳವೆಗಳು ನೀಳವಾಗಿರುವುದರಿಂದ ತೂಕದಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಬೆರೆಸಿದರೂ ಈ ಮಿತಿಯನ್ನು ಮುಟ್ಟಬಹುದು; ಮಸಿಯಂತಹ ಕಾರ್ಬನ್ ಬ್ಲ್ಯಾಕ್ ಇದಕ್ಕಿಂತ ಬಹಳ ಹೆಚ್ಚು ಬೇಕಾಗುತ್ತದೆ.

ಆದರೆ ವಾನ್ ಡರ್ ವಾಲ್ಸ್ ಆಕರ್ಷಣೆಯಿಂದ ಕೊಳವೆಗಳು ಪರಸ್ಪರ ಅಂಟಿಕೊಂಡು ಕಟ್ಟುಗಳಾಗುತ್ತವೆ. ಬೆಂದ ಶ್ಯಾವಿಗೆ ಆರಿದ ಮೇಲೆ ಮುದ್ದೆಯಾಗುವ ಪರಿ ಇದೇ. ಮುದ್ದೆಯಾದ ಕೊಳವೆಗಳು ಎಷ್ಟಿದ್ದರೂ ಜಾಲ ಪೂರ್ಣವಾಗದು.

ಆಮ್ಲ ಸಂಸ್ಕರಣೆ

ಹಳೆಯ ಹಾಗೂ ಹೆಚ್ಚು ಬಳಕೆಯಲ್ಲಿರುವ ವಿಧಾನವಿದು. ಕೊಳವೆಗಳನ್ನು ನೈಟ್ರಿಕ್ ಆಮ್ಲದಲ್ಲಿ, ಇಲ್ಲವೇ ಮೂರು ಪಾಲು ಗಂಧಕಾಮ್ಲ ಮತ್ತು ಒಂದು ಪಾಲು ನೈಟ್ರಿಕ್ ಆಮ್ಲದ ಮಿಶ್ರಣದಲ್ಲಿ ಸಂಸ್ಕರಿಸಿದಾಗ ಮೇಲ್ಮೈಗೆ ಕಾರ್ಬಾಕ್ಸಿಲ್ ಮೊದಲಾದ ಗುಂಪುಗಳು ಜೋಡಣೆಯಾಗುತ್ತವೆ. ಮುಂದೆ ಇವಕ್ಕೆ ಅಮೈನ್‌ಗಳನ್ನೋ ಪಾಲಿಮರ್ ಸರಪಳಿಯನ್ನೋ ಬೆಸೆಯಬಹುದು. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವು 1996ರಲ್ಲಿಯೇ ಆಮ್ಲಗಳಿಂದ ಕೊಳವೆಗಳ ಮುಚ್ಚಿದ ತುದಿಗಳನ್ನು ತೆರೆಯುವ, ಒಳಗೆ ಲೋಹ ತುಂಬುವ, ಹೊರಮೈಗೆ ಗುಂಪುಗಳನ್ನು ಸೇರಿಸುವ ಪ್ರಯೋಗಗಳನ್ನು ಪ್ರಕಟಿಸಿತು.

ಈ ವಿಧಾನದ ತೊಡಕು ಅದರ ಗುಣದೊಳಗೇ ಅಡಗಿದೆ. ವಿದ್ಯುತ್ತನ್ನು ಸಾಗಿಸುವುದು ಷಟ್ಕೋನ ಜಾಲದಲ್ಲಿ ನಿರಾತಂಕವಾಗಿ ಓಡಾಡುವ ಎಲೆಕ್ಟ್ರಾನ್‌ಗಳು. ಹೊಸ ಗುಂಪೊಂದು ಅಂಟಿದ ಕಡೆ ಇಂಗಾಲದ ಬಂಧ ಬದಲಾಗಿ ಆ ಹಾದಿ ಕಡಿಯುತ್ತದೆ. ಉಗ್ರ ಆಮ್ಲ ಕೊಳವೆಯನ್ನು ತುಂಡರಿಸುವುದೂ ಉಂಟು. ಚೆನ್ನಾಗಿ ಹರಡಿದ ಕೊಳವೆಯೇ ಕಳಪೆ ವಾಹಕವಾಗಬಹುದು. ಆಮ್ಲದ ಸಾಂದ್ರತೆ, ಉಷ್ಣತೆ, ಅವಧಿ ಈ ಮೂರನ್ನೂ ಬಿಗಿಹಿಡಿಯದೆ ಗತ್ಯಂತರವಿಲ್ಲ.

ಬಂಧರಹಿತ ವಿಧಾನ

ಇಲ್ಲಿ ಗೋಡೆಗೆ ಧಕ್ಕೆಯಿಲ್ಲ. ಸಾಬೂನಿನ ವರ್ಗದ ಪದಾರ್ಥಗಳು, ಪೈರೀನ್ ಉಳ್ಳ ಅಣುಗಳು ಅಥವಾ ಪಾಲಿಮರ್ ಎಳೆಗಳು ಕೊಳವೆಗೆ ಬರಿದೇ ಒರಗಿಕೊಳ್ಳುತ್ತವೆ ಇಲ್ಲವೇ ಸುತ್ತಿಕೊಳ್ಳುತ್ತವೆ. ಆದರೂ ಹೊದಿಕೆ ದಪ್ಪವಾದರೆ ಎಲೆಕ್ಟ್ರಾನ್ ಒಂದು ಕೊಳವೆಯಿಂದ ಇನ್ನೊಂದಕ್ಕೆ ದಾಟದು. ಈ ಅಂತರ ಕೆಲವೇ ನ್ಯಾನೊಮೀಟರ್‌ಗಳೊಳಗೆ ಇರಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯ ಸಾಮಗ್ರಿ ಎಂಜಿನಿಯರಿಂಗ್ ವಿಭಾಗದಲ್ಲಿ ಸೂರ್ಯಸಾರಥಿ ಬೋಸ್ ಅವರ ತಂಡವು ಪರಸ್ಪರ ಬೆರೆಯದ ಎರಡು ಪಾಲಿಮರ್‌ಗಳ ಮಿಶ್ರಣಗಳಲ್ಲಿ ನ್ಯಾನೊಕೊಳವೆಗಳನ್ನು ಬಳಸಿ ವಿದ್ಯುತ್ಕಾಂತೀಯ ಅಲೆಗಳ ತಡೆಯನ್ನು ಅಧ್ಯಯನ ಮಾಡಿದೆ. ಇಂತಹ ಮಿಶ್ರಣದಲ್ಲಿ ಕೊಳವೆಗಳು ಒಂದೇ ಪಾಲಿಮರ್‌ನಲ್ಲಿ ನೆಲೆಸಿದರೆ ಅಲ್ಪ ಪ್ರಮಾಣದಲ್ಲೇ ಜಾಲ ಸಿದ್ಧವಾಗುತ್ತದೆ. ಅವು ಯಾವುದರಲ್ಲಿ ನೆಲೆಸಬೇಕೆಂಬುದನ್ನು ಮೇಲ್ಮೈ ಸಂಸ್ಕರಣೆಯಿಂದ ಪ್ರಭಾವಿಸಬಹುದು.

ಪರೀಕ್ಷೆ

ಸಂಸ್ಕರಣೆಯಿಂದಾದ ಹಾನಿಯನ್ನು ರಾಮನ್ ರೋಹಿತದಿಂದ ಅಳೆಯುತ್ತಾರೆ. ಇದಕ್ಕೆ ಆಧಾರವಾದ ಪರಿಣಾಮವನ್ನು 1928ರಲ್ಲಿ ಕಂಡುಹಿಡಿದ ಸಿ.ವಿ. ರಾಮನ್ ಅವರ ಬದುಕಿನ ಉತ್ತರಾರ್ಧ ಬೆಂಗಳೂರಿನಲ್ಲಿಯೇ ಕಳೆಯಿತು. ರೋಹಿತದಲ್ಲಿ 1580 ಪ್ರತಿ ಸೆಂಟಿಮೀಟರ್ ಆಸುಪಾಸಿನ ಜಿ ಪಟ್ಟಿ ಸುವ್ಯವಸ್ಥಿತ ಜಾಲವನ್ನೂ 1350ರ ಆಸುಪಾಸಿನ ಡಿ ಪಟ್ಟಿ ಜಾಲದ ದೋಷಗಳನ್ನೂ ಸೂಚಿಸುತ್ತವೆ. ಸಂಸ್ಕರಣೆಯ ನಂತರ ಜಿ ಪಟ್ಟಿಗೆ ಹೋಲಿಸಿದಾಗ ಡಿ ಪಟ್ಟಿಯ ತೀವ್ರತೆ ಬಹಳ ಏರಿದ್ದರೆ ಕೊಳವೆಗಳ ಗೋಡೆ ಹಾಳಾಗಿದೆಯೆಂದು ಅರ್ಥ.